ಹಳೆ ಕಾಮಿಕ್ಸ್‌ಗೆ ದುಡ್ಡು ಹಾಕಿದರೆ ಬೆಲೆ ಉಳಿಯುತ್ತಾ?

ಕುಕ್ಕರಹಳ್ಳಿ_ವಾಕರ್ (ಮೈಸೂರು)

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಸಲಹೆ ಬೇಕಿತ್ತು. ಮಗಳ ಓದಿಗೆ ಅಂತ ಆರು ಲಕ್ಷ ರೂಪಾಯಿ ಎತ್ತಿಟ್ಟಿದ್ದೇನೆ. ಅವಳಿಗೀಗ ಎಂಟು ವರ್ಷ. ಹತ್ತು ವರ್ಷ ಆ ದುಡ್ಡನ್ನು ಮುಟ್ಟುವುದಿಲ್ಲ. ಅದನ್ನು ಎಫ್‌ಡಿಯಲ್ಲಿ ಇಡುವ ಬದಲು ಅಮೆರಿಕದ ಹಳೆ ಕಾಮಿಕ್ಸ್ ಕೊಂಡಿಡೋಣ ಎಂದು ಸ್ಯಾನ್ ಹೋಸೆಯಲ್ಲಿರುವ ನಮ್ಮ ಭಾವ ಹೇಳುತ್ತಿದ್ದಾರೆ. ಹತ್ತು ವರ್ಷಕ್ಕೆ ಮೂರು ಪಟ್ಟು ಗ್ಯಾರಂಟಿ ಅನ್ನುತ್ತಾರೆ. ಅರ್ಧ ದುಡ್ಡಿಗೆ ‘ಇನ್‌ಕ್ರೆಡಿಬಲ್ ಹಲ್ಕ್’ 181ನೇ ಸಂಚಿಕೆ. ಉಳಿದ ಅರ್ಧಕ್ಕೆ ಈಗ ಬರುತ್ತಿರುವ ಹೊಸ ಕಾಮಿಕ್ಸ್‌ಗಳ ವೇರಿಯಂಟ್ ಕವರ್‌ಗಳು, ಅಂದರೆ ಅದೇ ಸಂಚಿಕೆ, ಬೇರೆ ಚಿತ್ರದ ಮುಖಪುಟ. ಇದು ಅವರ ಪ್ಲಾನ್.

ಭಾವ ಮೋಸ ಮಾಡುವವರಲ್ಲ. ಅವರ ದುಡ್ಡನ್ನೂ ಹಾಕುತ್ತಿದ್ದಾರೆ. ನನಗೆ ಈ ಲೋಕವೇ ಗೊತ್ತಿಲ್ಲ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ವಾರದ_ಕಾಮಿಕ್ಸ್ (ಬೆಂಗಳೂರು)

ಸರ್, ನಿಮ್ಮ ಭಾವ ಹೇಳಿದ್ದರಲ್ಲಿ ಅರ್ಧ ಸರಿಯಾಗೇ ಇದೆ. ಹಲ್ಕ್ 181 ಸುಮ್ನೆ ಯಾವುದೋ ಪುಸ್ತಕ ಅಲ್ಲ. 1974ರ ನವೆಂಬರ್ ಸಂಚಿಕೆ ಅದು. ವೂಲ್ವರಿನ್ ಅನ್ನೋ ಸೂಪರ್‌ಹೀರೋ ಪೂರ್ತಿಯಾಗಿ ಕಾಣಿಸಿಕೊಂಡ ಮೊದಲ ಕಥೆ. ಹಿಂದಿನ 180ರಲ್ಲಿ ಕೊನೇ ಪುಟದಲ್ಲಿ ಮಾತ್ರ ಬಂದು ಹೋಗಿದ್ದ. ಆ ಪಾತ್ರ ಎಲ್ಲಿಯವರೆಗೆ ಜನರಿಗೆ ಬೇಕೋ ಅಲ್ಲಿಯವರೆಗೆ ಈ ಸಂಚಿಕೆಯೂ ಬೇಕು.

ದೊಡ್ಡ ಉದಾಹರಣೆ ಬೇಕಾದರೆ ‘ಆ್ಯಕ್ಷನ್ ಕಾಮಿಕ್ಸ್’ 1 ನೋಡಿ. 1938ರಲ್ಲಿ ಹತ್ತು ಸೆಂಟ್. ಸೂಪರ್‌ಮ್ಯಾನ್ ಹುಟ್ಟಿದ್ದು ಅದರಲ್ಲಿ. 2014ರಲ್ಲಿ ಒಂದು ಪ್ರತಿ 32 ಲಕ್ಷ ಡಾಲರ್‌ಗೆ ಹೋಯಿತು. 2024ರಲ್ಲಿ ಇನ್ನೊಂದು ಪ್ರತಿ 60 ಲಕ್ಷ ಡಾಲರ್‌ಗೆ. ನಟ ನಿಕೊಲಸ್ ಕೇಜ್ 1997ರಲ್ಲಿ ಒಂದೂವರೆ ಲಕ್ಷ ಡಾಲರ್ ಕೊಟ್ಟು ಕೊಂಡಿದ್ದ ಪ್ರತಿ 2011ರಲ್ಲಿ 21.6 ಲಕ್ಷ ಡಾಲರ್‌ಗೆ ಮಾರಾಟ ಆಯಿತು. ಲೆಕ್ಕ ಹಾಕಿದರೆ ವರ್ಷಕ್ಕೆ ಶೇ. 21ರ ಹತ್ತಿರ ಬರುತ್ತೆ. ಸ್ಪೈಡರ್‌ಮ್ಯಾನ್ ಮೊದಲು ಬಂದ 1962ರ ‘ಅಮೇಜಿಂಗ್ ಫ್ಯಾಂಟಸಿ’ 15ರ ಒಂದು ಒಳ್ಳೆ ಪ್ರತಿ 2021ರಲ್ಲಿ 36 ಲಕ್ಷ ಡಾಲರ್ ಮುಟ್ಟಿತು. ಯಾವ ಎಫ್‌ಡಿ ಕೊಡುತ್ತೆ ಇದನ್ನ?

ಎಡಿಸನ್_ಕನ್ನಡಿಗ (ನ್ಯೂಜೆರ್ಸಿ)

ತಮ್ಮಾ, ನೀವು ಕೊಟ್ಟ ಅಂಕಿ ಎಲ್ಲವೂ ನಿಜ. ಆದರೆ ಅದೇ ಕೇಜ್ ಪ್ರತಿಯ ನಡುವಿನ ಕಥೆಯನ್ನೂ ಹೇಳಬೇಕಿತ್ತು. 2000ದಲ್ಲಿ ಅದು ಅವರ ಮನೆಯಿಂದ ಕಳುವಾಗಿತ್ತು. ಸಿಕ್ಕಿದ್ದು 2011ರಲ್ಲಿ. ಹನ್ನೊಂದು ವರ್ಷ ಅದು ಎಲ್ಲಿದೆ ಅಂತ ಮಾಲೀಕರಿಗೇ ಗೊತ್ತಿರಲಿಲ್ಲ.

ನಾನು ಈ ದೇಶಕ್ಕೆ ಬಂದದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಆಗ ಇಲ್ಲಿ ಕಾಮಿಕ್ಸ್ ಹುಚ್ಚು ಹೇಗಿತ್ತು ಅಂತ ಕಣ್ಣಾರೆ ಕಂಡಿದ್ದೇನೆ. ಆ ಕಥೆ ಮೈಸೂರಿನವರಿಗೆ ಗೊತ್ತಾಗಬೇಕು. ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

1938ರ ಹತ್ತು ಸೆಂಟಿನ ಪುಸ್ತಕಕ್ಕೆ ಲಕ್ಷಗಟ್ಟಲೆ ಬಂತು ಅಂತ ಪೇಪರಿನಲ್ಲಿ, ಟಿವಿಯಲ್ಲಿ ಬರತೊಡಗಿತು. ಹಾಗಾದರೆ ಇವತ್ತಿನದನ್ನು ಇವತ್ತೇ ಕೊಂಡಿಟ್ಟರೆ ಮಕ್ಕಳ ಕಾಲೇಜು ಫೀಸು ಆಗುತ್ತೆ ಅಂತ ಜನ ನಂಬಿದರು. ಕಾಮಿಕ್ಸ್ ಓದದವರೂ ಅಂಗಡಿ ಮುಂದೆ ಕ್ಯೂ ನಿಂತರು. ಒಂದೊಂದರಲ್ಲಿ ಹತ್ತು ಪ್ರತಿ, ಇಪ್ಪತ್ತು ಪ್ರತಿ. ಪ್ರಕಾಶಕರು ಅದಕ್ಕೆ ತಕ್ಕಂತೆ ಹೊಳೆಯುವ ಕವರು, ಉಬ್ಬಿದ ಕವರು, ಒಂದೇ ಸಂಚಿಕೆಗೆ ನಾಲ್ಕೈದು ಕವರು ಅಂತ ಹೊರಡಿಸಿದರು. 1991ರ ‘ಎಕ್ಸ್-ಮೆನ್’ 1 ಐದು ಕವರಿನಲ್ಲಿ ಬಂದು 80 ಲಕ್ಷಕ್ಕೂ ಜಾಸ್ತಿ ಪ್ರತಿ ಹೋಯಿತು. ಗಿನ್ನೆಸ್ ದಾಖಲೆ ಅದು. 1992ರ ಕೊನೆಯಲ್ಲಿ ಸೂಪರ್‌ಮ್ಯಾನ್ ಸಾಯುವ ಸಂಚಿಕೆ ಬಂತು, ‘ಸೂಪರ್‌ಮ್ಯಾನ್’ 75. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಸೀಲ್ ಮಾಡಿ, ಒಳಗೆ ತೋಳಿಗೆ ಕಟ್ಟಿಕೊಳ್ಳಲು ಒಂದು ಕಪ್ಪು ಪಟ್ಟಿ. ಬೆಲೆ ಎರಡೂವರೆ ಡಾಲರ್. ಲಕ್ಷಗಟ್ಟಲೆ ಜನ ಆ ಚೀಲವನ್ನು ತೆರೆಯದೇ ಬೀರುವಿನಲ್ಲಿಟ್ಟರು.

ಮೂವತ್ತು ವರ್ಷ ದಾಟಿತು. ಆ ಚೀಲ ಇವತ್ತಿಗೂ ಹತ್ತಿಪ್ಪತ್ತು ಡಾಲರಿಗೆ ಸಿಗುತ್ತೆ. ಎಕ್ಸ್-ಮೆನ್ 1 ಎರಡು ಮೂರು ಡಾಲರಿಗೆ ಡಬ್ಬಿಯಲ್ಲಿ ಬಿದ್ದಿರುತ್ತೆ. ಎಲ್ಲರೂ ಜೋಪಾನ ಮಾಡಿದ್ದಕ್ಕೇ ಎಲ್ಲರ ಹತ್ತಿರವೂ ಇದೆ. 1938ರ ಮಕ್ಕಳು ಓದಿದರು, ಹರಿದರು, ಎರಡನೇ ಮಹಾಯುದ್ಧದಲ್ಲಿ ಕಾಗದ ಸಂಗ್ರಹಕ್ಕೆ ಕೊಟ್ಟರು. ಆ್ಯಕ್ಷನ್ 1 ಸುಮಾರು ಎರಡು ಲಕ್ಷ ಪ್ರತಿ ಅಚ್ಚಾಗಿತ್ತು. ಉಳಿದಿರುವುದು ನೂರರ ಆಸುಪಾಸು ಅಂತ ಅಂದಾಜು. ಬೆಲೆ ಬಂದದ್ದು ಯಾರೂ ಕಾಪಾಡಿಡದ ಕಾರಣಕ್ಕೆ.

ಆಮೇಲೆ ಏನಾಯಿತು? ಮಾರಲು ಹೋದವರಿಗೆ ಕೊಳ್ಳುವವರು ಸಿಗಲಿಲ್ಲ. ಸಾವಿರಾರು ಅಂಗಡಿ ಬಾಗಿಲು ಹಾಕಿದವು. 1996ರ ಡಿಸೆಂಬರಿನಲ್ಲಿ ಹಲ್ಕ್, ಎಕ್ಸ್-ಮೆನ್ ಹೊರಡಿಸುವ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಈಗ ಸಿನಿಮಾದಿಂದ ಜಗತ್ತನ್ನೇ ಆಳುವ ಅದೇ ಮಾರ್ವೆಲ್.

ವಾಕರ್ ಅವರೇ, ನಿಮ್ಮ ಭಾವನವರು ಅರ್ಧ ದುಡ್ಡಿಗೆ ಹೊಸ ವೇರಿಯಂಟ್ ಕವರ್ ಅಂದರಲ್ಲ, ಅದು ಇದೇ ಕಥೆ. ಅದಕ್ಕೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ. ಇದನ್ನು ಕೈಮುಗಿದು ಹೇಳುತ್ತಿದ್ದೇನೆ.

ವಾರದ_ಕಾಮಿಕ್ಸ್

ಅಣ್ಣಾ, ವೇರಿಯಂಟ್ ವಿಷಯ ಒಪ್ಪುತ್ತೇನೆ. ಇಪ್ಪತ್ತೈದು ಪ್ರತಿ ತರಿಸಿದ ಅಂಗಡಿಗೆ ಒಂದು ವಿಶೇಷ ಕವರ್ ಅಂತ ಕೊಡುತ್ತಾರೆ. ಬಂದ ವಾರ ನೂರು ಡಾಲರ್, ಆರು ತಿಂಗಳಿಗೆ ಇಪ್ಪತ್ತು. ನಾನೂ ಅದನ್ನು ಕೊಳ್ಳುವುದಿಲ್ಲ.

ಆದರೆ ಹೊಸದು ಎಲ್ಲಾ ಕಸ ಅಂತಲ್ಲ. ‘ಟೀನೇಜ್ ಮ್ಯೂಟೆಂಟ್ ನಿಂಜಾ ಟರ್ಟಲ್ಸ್’ 1 ಬಂದದ್ದು 1984ರಲ್ಲಿ. ಕಪ್ಪು ಬಿಳುಪು, ಇಬ್ಬರು ಹುಡುಗರು ತಾವೇ ಅಚ್ಚು ಹಾಕಿಸಿದ್ದು, ಮೂರು ಸಾವಿರ ಚಿಲ್ಲರೆ ಪ್ರತಿ ಅಷ್ಟೇ. 2003ರ ‘ವಾಕಿಂಗ್ ಡೆಡ್’ 1 ಏಳು ಸಾವಿರ ಚಿಲ್ಲರೆ. 2010ರಲ್ಲಿ ಟಿವಿ ಸರಣಿ ಬಂದ ಮೇಲೆ ಎಲ್ಲಿಗೋ ಹೋಯಿತು.

ಎಡಿಸನ್_ಕನ್ನಡಿಗ

ಹೌದು. ಎರಡೂ ಕಡಿಮೆ ಅಚ್ಚಾದವು. ಅದರಲ್ಲಿ ದುಡ್ಡಿದೆ ಅಂತ ಆಗ ಯಾರಿಗೂ ಅನಿಸಿರಲಿಲ್ಲ. 1984ರಲ್ಲಿ ಸಣ್ಣ ಪ್ರಕಾಶಕರ ಕಪ್ಪು ಬಿಳುಪು ಕಾಮಿಕ್ಸ್ ಇನ್ನೂ ಎಷ್ಟೋ ಬಂದವು. ಅವುಗಳ ಹೆಸರು ಹೇಳಿ ನೋಡೋಣ? ಗೆದ್ದದ್ದರ ಹೆಸರು ಮಾತ್ರ ನಮಗೆ ನೆನಪಿರುತ್ತೆ.

ಲೆಕ್ಕಪತ್ರ (ಹುಬ್ಬಳ್ಳಿ)

ನನಗೆ ಕಾಮಿಕ್ಸ್ ಗೊತ್ತಿಲ್ಲ, ಲೆಕ್ಕ ಗೊತ್ತು. ವಾಕರ್ ಸರ್, ಸ್ವಲ್ಪ ಅದನ್ನೇ ನೋಡೋಣ.

ಹತ್ತು ವರ್ಷಕ್ಕೆ ಮೂರು ಪಟ್ಟು ಅಂದರೆ ವರ್ಷಕ್ಕೆ ಸುಮಾರು ಶೇ. 11.6. ಶೇ. 7ರ ಎಫ್‌ಡಿ ಹತ್ತು ವರ್ಷಕ್ಕೆ ಹತ್ತಿರ ಹತ್ತಿರ ಎರಡು ಪಟ್ಟು. ಇಲ್ಲಿ ನಿಮ್ಮ ಭಾವನವರ ಪರ ಒಂದು ಮಾತು ಹೇಳಬೇಕು. ರೂಪಾಯಿ ಡಾಲರ್ ಎದುರು ಇಳಿಯುತ್ತಲೇ ಬಂದಿದೆ. ವರ್ಷಕ್ಕೆ ಶೇ. 3 ಇಳಿಯಿತು ಅಂತ ಇಟ್ಟುಕೊಂಡರೆ, ಪುಸ್ತಕದ ಡಾಲರ್ ಬೆಲೆ ಶೇ. 8.5ರ ಹಾಗೆ ಏರಿದರೂ ನಿಮಗೆ ಮೂರು ಪಟ್ಟು ಆಗುತ್ತೆ.

ಈಗ ಖರ್ಚು. ದೊಡ್ಡ ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಕೊಳ್ಳುವವರು ಸುಮಾರು ಶೇ. 20 ಕಮಿಷನ್ ಕೊಡಬೇಕು. ಸಾವಿರ ಡಾಲರಿಗೆ ಕೂಗಿದರೆ ಕೈಯಿಂದ ಹೋಗುವುದು 1,200. ನಾಳೆ ಅದನ್ನೇ ಇಬೇಯಲ್ಲಿ ಮಾರಿದರೆ ಅವರ ಪಾಲು ಸುಮಾರು ಶೇ. 13. ನಿಮ್ಮ 1,200 ವಾಪಸ್ ಬರಬೇಕಾದರೆ 1,380ಕ್ಕೆ ಮಾರಬೇಕು. ಅಂದರೆ ಸಾವಿರದ ಪುಸ್ತಕ ಶೇ. 38 ಏರುವವರೆಗೆ ನಿಮಗೆ ಲಾಭ ಶೂನ್ಯ. ಸಾಗಣೆ, ವಿಮೆ ಇದರಲ್ಲಿ ಸೇರಿಲ್ಲ. ನಡುವೆ ಬಡ್ಡಿ ಇಲ್ಲ, ಡಿವಿಡೆಂಡ್ ಇಲ್ಲ, ಬಾಡಿಗೆ ಇಲ್ಲ.

ಇನ್ನೊಂದು ಪ್ರಶ್ನೆ. ಪುಸ್ತಕ ಯಾರ ಹೆಸರಿನಲ್ಲಿ ಇರುತ್ತೆ? ಭಾವನವರ ಹೆಸರಿನಲ್ಲಿ ಮಾರಿದರೆ ಅಲ್ಲಿನ ತೆರಿಗೆ ಅವರ ತಲೆಗೆ. ಅಮೆರಿಕದಲ್ಲಿ ಷೇರಿನ ದೀರ್ಘಾವಧಿ ಲಾಭಕ್ಕೆ ಕೇಂದ್ರದ ತೆರಿಗೆ ಜಾಸ್ತಿ ಅಂದರೆ ಶೇ. 20. ಸಂಗ್ರಹದ ವಸ್ತುಗಳಿಗೆ ಶೇ. 28ರವರೆಗೆ ಹೋಗುತ್ತೆ. ಕ್ಯಾಲಿಫೋರ್ನಿಯಾ ರಾಜ್ಯದ ತೆರಿಗೆ ಬೇರೆ. ಸಂಬಂಧಿಕರ ನಡುವೆ ಈ ಲೆಕ್ಕ ಮೊದಲೇ ಬರೆದಿಟ್ಟುಕೊಳ್ಳಬೇಕು. ಹತ್ತು ವರ್ಷ ಆದ ಮೇಲೆ ಅದನ್ನು ಮಾತಾಡಲು ಕೂತರೆ ದುಡ್ಡಿನ ಜೊತೆ ಸಂಬಂಧವೂ ಹೋಗುತ್ತೆ.

ಕುಕ್ಕರಹಳ್ಳಿ_ವಾಕರ್

ಲೆಕ್ಕಪತ್ರ ಸರ್, ಈ 38ರ ಲೆಕ್ಕ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಭಾವನಿಗೂ ಕಳಿಸಿದೆ. ವೇರಿಯಂಟ್ ಬಿಡೋಣ ಅಂದರು. ಹಲ್ಕ್ ಮಾತ್ರ ಬಿಡುವುದಿಲ್ಲವಂತೆ. ಅದು ಸ್ಲ್ಯಾಬ್ ಆಗಿರೋದು, ಮೋಸಕ್ಕೆ ಜಾಗವೇ ಇಲ್ಲ ಅಂತಾರೆ. ಸ್ಲ್ಯಾಬ್ ಅಂದರೆ ಏನು?

ವಾರದ_ಕಾಮಿಕ್ಸ್

ಫ್ಲೋರಿಡಾದಲ್ಲಿ ಸಿಜಿಸಿ ಅಂತ ಕಂಪನಿ ಇದೆ ಸರ್. 2000ದಲ್ಲಿ ಶುರುವಾಯಿತು. ಪುಸ್ತಕ ಕಳಿಸಿದರೆ ಪುಟ ಪುಟ ನೋಡಿ, 0.5ರಿಂದ 10ರವರೆಗೆ ಗ್ರೇಡ್ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡಿ ವಾಪಸ್ ಕಳಿಸುತ್ತಾರೆ. ಅದೇ ಸ್ಲ್ಯಾಬ್. ಲೇಬಲ್ಲಿನ ಬಣ್ಣ ಮುಖ್ಯ. ನೀಲಿ ಇದ್ದರೆ ಸಾಮಾನ್ಯ, ಒಳ್ಳೇದು. ನೇರಳೆ ಇದ್ದರೆ ಯಾರೋ ಬಣ್ಣ ಹಚ್ಚಿ, ಹರಿದದ್ದು ಅಂಟಿಸಿ ರಿಪೇರಿ ಮಾಡಿದ್ದಾರೆ ಅಂತ ಅರ್ಥ. ಬೆಲೆ ಬಿದ್ದುಹೋಗುತ್ತೆ. ಹಸಿರು ಇದ್ದರೆ ಒಂದು ದೊಡ್ಡ ಕೊರತೆ ಇದೆ ಅಂತ.

ಹಲ್ಕ್ 181ರಲ್ಲಿ ಆ ಕೊರತೆ ತುಂಬಾ ಕಾಣುತ್ತೆ. ಮಾರ್ವೆಲ್ ಆ ಕಾಲದಲ್ಲಿ ಓದುಗರ ಪತ್ರದ ಪುಟದಲ್ಲಿ ಒಂದು ಸಣ್ಣ ಸ್ಟಾಂಪ್ ಅಚ್ಚು ಹಾಕುತ್ತಿತ್ತು. ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿಕೊಳ್ಳಿ ಅಂತ. ಮಕ್ಕಳು ಕತ್ತರಿಸಿದರು. ಹೊರಗಿನಿಂದ ನೋಡಿದರೆ ಪುಸ್ತಕ ಫಳಫಳ ಇರುತ್ತೆ. ಒಳಗೆ ಅಂಚೆಚೀಟಿ ಗಾತ್ರದ ಚೌಕ ತೂತು. ಅಷ್ಟಕ್ಕೇ ಬೆಲೆಯಲ್ಲಿ ದೊಡ್ಡ ಪಾಲು ಹೋಗುತ್ತೆ.

ಎಡಿಸನ್_ಕನ್ನಡಿಗ

ಮೋಸಕ್ಕೆ ಜಾಗವೇ ಇಲ್ಲ ಅನ್ನುವುದು ಸರಿಯಲ್ಲ. 2023ರ ಕೊನೆಯಲ್ಲಿ ಇದೇ ಪೆಟ್ಟಿಗೆಗಳ ದೊಡ್ಡ ಗಲಾಟೆ ಆಯಿತು. ಪೆಟ್ಟಿಗೆ ಬಿಚ್ಚಿ, ಹೆಚ್ಚಿನ ಗ್ರೇಡಿನ ಲೇಬಲ್ ಇರುವ ಕಡೆ ಕಡಿಮೆ ಗ್ರೇಡಿನ ಪುಸ್ತಕ ಇಟ್ಟು ಮಾರಿದ್ದರು. ಕಂಪನಿಯೇ ಅನುಮಾನ ಇರುವ ನಂಬರುಗಳ ಪಟ್ಟಿ ಹಾಕಬೇಕಾಯಿತು. ನಿಮ್ಮ ಭಾವನವರು ಸರ್ಟಿಫಿಕೇಟ್ ನಂಬರ್ ಹಾಕಿ, ಕಂಪನಿಯ ಸೈಟಿನಲ್ಲಿ ಇರುವ ಫೋಟೋಗೂ ಕೈಯಲ್ಲಿರುವ ಪುಸ್ತಕಕ್ಕೂ ಪಿನ್ನು, ಮೂಲೆ, ಮಡಿಕೆ ಎಲ್ಲಾ ಹೋಲಿಸಿ ನೋಡಲಿ. ಆಮೇಲೆ ದುಡ್ಡು ಕೊಡಲಿ.

ಯಾವಾಗ ಕೊಂಡಿರಿ ಅನ್ನುವುದೂ ಅಷ್ಟೇ ಮುಖ್ಯ. 2020, 21ರಲ್ಲಿ ಜನ ಮನೆಯಲ್ಲೇ ಕೂತಿದ್ದರು, ಕೈಯಲ್ಲಿ ಸರ್ಕಾರ ಕೊಟ್ಟ ದುಡ್ಡಿತ್ತು. ಎಲ್ಲಾ ಸಂಗ್ರಹದ ವಸ್ತುಗಳೂ ಏರಿದವು. 2022ರಿಂದ ಇಳಿಯತೊಡಗಿದವು. ಮೇಲಿದ್ದಾಗ ಕೊಂಡ ನನ್ನ ಸಹೋದ್ಯೋಗಿ ಇನ್ನೂ ಅಸಲಿಗೆ ಕಾಯುತ್ತಿದ್ದಾರೆ. ಅವರು ಕೊಂಡದ್ದೂ ಒಳ್ಳೆಯ, ಹಳೆಯ, ನೀಲಿ ಲೇಬಲ್ಲಿನ ಪುಸ್ತಕವೇ.

ಕರಾವಳಿ_ಓದುಗಿ (ಉಡುಪಿ)

ನಮಸ್ಕಾರ. ನಾನು ಲೈಬ್ರರಿಯಲ್ಲಿ ಹಳೆ ಕಾಗದ ಉಳಿಸುವ ಕೆಲಸ ಮಾಡಿದವಳು. ದುಡ್ಡಿನ ಮಾತು ನೀವೆಲ್ಲಾ ಆಡಿದ್ದೀರಿ. ಹತ್ತು ವರ್ಷ ಆ ಪುಸ್ತಕ ಎಲ್ಲಿ ಇರುತ್ತೆ ಅಂತ ಯಾರೂ ಕೇಳಲಿಲ್ಲವಲ್ಲ?

ಕಾಮಿಕ್ಸ್ ಅಚ್ಚಾಗುತ್ತಿದ್ದದ್ದು ಅಗ್ಗದ ನ್ಯೂಸ್‌ಪ್ರಿಂಟಿನಲ್ಲಿ. ಮರದ ತಿರುಳಿನ ಲಿಗ್ನಿನ್ ಅದರಲ್ಲೇ ಉಳಿದಿರುತ್ತೆ. ಬೆಳಕು, ಗಾಳಿ, ಸೆಕೆ ತಾಗಿದರೆ ಆಮ್ಲ ಹುಟ್ಟಿ ಕಾಗದ ಹಳದಿಯಾಗಿ, ಕಂದಾಗಿ, ಮುಟ್ಟಿದರೆ ಪುಡಿಯಾಗುತ್ತೆ. ತೇವ ಇದ್ದರೆ ಬೂಷ್ಟು. ಪಿನ್ನು ತುಕ್ಕು ಹಿಡಿದು ಸುತ್ತ ಕಂದು ಕಲೆ. ವಾರದ_ಕಾಮಿಕ್ಸ್ ಅವರು ಹೇಳಿದ 32 ಲಕ್ಷ ಡಾಲರಿನ ಪ್ರತಿ ವೆಸ್ಟ್ ವರ್ಜೀನಿಯಾದ ಬೆಟ್ಟದ ಊರಿನಲ್ಲಿ, ಸೀಡರ್ ಮರದ ಪೆಟ್ಟಿಗೆಯಲ್ಲಿ ದಶಕಗಳ ಕಾಲ ಇತ್ತು. ಪುಟ ಬಿಳಿಯಾಗೇ ಉಳಿದಿತ್ತು. 1977ರಲ್ಲಿ ಕೊಲೊರಾಡೊದಲ್ಲಿ ಸಿಕ್ಕ ‘ಮೈಲ್ ಹೈ’ ಸಂಗ್ರಹವೂ ಹಾಗೇ. ಒಣ ಹವೆ, ತಂಪು ಜಾಗ, ಒತ್ತಾಗಿ ಜೋಡಿಸಿದ ರಾಶಿ.

ನಮ್ಮಲ್ಲಿ? ಜೂನ್ ಬಂದರೆ ಕಪಾಟಿನೊಳಗಿನ ಸೀರೆಗೇ ಬೂಷ್ಟು ಬರುತ್ತೆ. ಮೈಸೂರು ಇಷ್ಟು ಕಷ್ಟ ಅಲ್ಲ, ಒಪ್ಪುತ್ತೇನೆ. ಆದರೂ ಪುಸ್ತಕ ತಂದು ಮನೆಯಲ್ಲಿ ಇಡಬೇಡಿ. ಸ್ಲ್ಯಾಬ್ ಅಂದರೆ ಗಾಳಿಯಾಡದ ಡಬ್ಬಿ ಅಲ್ಲ. ತೇವ ಒಳಗೆ ಹೋಗುತ್ತೆ. ಕೊಂಡರೆ ಭಾವನವರ ಹತ್ತಿರವೇ ಇರಲಿ, ವಿಮೆಯ ಜೊತೆ.

ಹಳೇಪುಸ್ತಕ_ವ್ಯಾಪಾರಿ (ಬೆಂಗಳೂರು)

ಅಕ್ಕ ಹೇಳಿದ್ದು ಅನುಭವದ ಮಾತು. ಅವೆನ್ಯೂ ರಸ್ತೆ ಕಡೆ ಹಳೆ ಪುಸ್ತಕದ ವ್ಯಾಪಾರ ನಮ್ಮದು, ತಂದೆ ಕಾಲದಿಂದ. ಅಮೆರಿಕದ ಮಾತು ನನಗೆ ಬೇಡ. ನಮ್ಮ ಇಂದ್ರಜಾಲ ಕಾಮಿಕ್ಸ್ ಬಗ್ಗೆ ಹೇಳುತ್ತೇನೆ. ಆಗ ವಾಕರ್ ಸರ್‌ಗೆ ಬೆಲೆ ಹೇಗೆ ನಿಲ್ಲುತ್ತೆ, ಹೇಗೆ ನಿಲ್ಲಲ್ಲ ಅಂತ ಗೊತ್ತಾಗುತ್ತೆ.

ಟೈಮ್ಸ್ ಆಫ್ ಇಂಡಿಯಾದವರು 1964ರ ಮಾರ್ಚಿನಲ್ಲಿ ಫ್ಯಾಂಟಮ್ ಕಥೆಯಿಂದ ಶುರು ಮಾಡಿದರು. 1990ರಲ್ಲಿ ನಿಂತಿತು. ಕನ್ನಡದಲ್ಲೂ ಬರುತ್ತಿತ್ತು. ಇದು ಓದೋಕೆ ಅಂತ ಕೊಂಡ ಪುಸ್ತಕ, ಇಡೋಕೆ ಅಂತ ಅಲ್ಲ. ಒಬ್ಬ ಕೊಂಡರೆ ಇಡೀ ಬೀದಿ ಓದುತ್ತಿತ್ತು. ದಿನಬಾಡಿಗೆಯ ಲೈಬ್ರರಿಗಳು ಕವರಿನ ಮೇಲೇ ಸೀಲು ಒತ್ತಿದವು. ಮನೆಯವರು ಹತ್ತು ಹತ್ತು ಸೇರಿಸಿ ಬೈಂಡ್ ಮಾಡಿಸಿದರು. ಬೈಂಡರು ಮೂರು ಕಡೆ ಅಂಚು ಕತ್ತರಿಸಿ, ದಾರ ಹಾಕಲು ಬೆನ್ನಲ್ಲಿ ತೂತು ಕೊರೆದು, ಎಷ್ಟೋ ಸಲ ಕವರನ್ನೇ ಕಿತ್ತು ಬಿಸಾಕಿದ. ಪ್ರೀತಿಯಿಂದ ಮಾಡಿಸಿದ್ದು ಅದು. ಸಂಗ್ರಹಕಾರರಿಗೆ ಮಾತ್ರ ಅಂಥ ಪ್ರತಿ ಬೇಡ. ಉಳಿದದ್ದು ರದ್ದಿಗೆ ಹೋಯಿತು. ಹೀಗಾಗಿ ಮೊದಲ ವರ್ಷಗಳ ಬಿಡಿ ಸಂಚಿಕೆ, ಕವರ್ ಸಮೇತ ಬಂದರೆ ನನ್ನ ಅಂಗಡಿಯಲ್ಲಿ ಒಂದು ದಿನ ನಿಲ್ಲಲ್ಲ. ಸಾವಿರಗಟ್ಟಲೆ ಕೊಡುವವರಿದ್ದಾರೆ. ಎಂಬತ್ತರ ದಶಕದ್ದು ಇನ್ನೂರು ಮುನ್ನೂರಕ್ಕೆ ಹೋಗುತ್ತೆ.

ಆದರೆ ಕೊಳ್ಳುವವರು ಯಾರು? ಎಲ್ಲರಿಗೂ ಐವತ್ತು, ಅರವತ್ತು ವಯಸ್ಸು. ಚಿಕ್ಕವರಿದ್ದಾಗ ಓದಿದ್ದು ವಾಪಸ್ ಬೇಕು ಅಂತ ಬರುತ್ತಾರೆ. ಅವರ ಮಕ್ಕಳು ಬಾಗಿಲಲ್ಲೇ ಫೋನ್ ನೋಡುತ್ತಾ ನಿಂತಿರುತ್ತಾರೆ. ಇನ್ನು ಇಪ್ಪತ್ತು ವರ್ಷಕ್ಕೆ ಈ ಬೆಲೆ ಕೊಡುವವರು ಇರುತ್ತಾರಾ ಅಂತ ನನಗೆ ನಿಜವಾಗಿ ಚಿಂತೆ ಇದೆ.

ಎಡಿಸನ್_ಕನ್ನಡಿಗ

ಅದೇ ಇಲ್ಲೂ ಆಗಿದೆ ಅಣ್ಣಾ. ರಾಯ್ ರೋಜರ್ಸ್, ಲೋನ್ ರೇಂಜರ್ ಥರದ ಕೌಬಾಯ್ ಕಾಮಿಕ್ಸ್‌ಗೆ ಒಂದು ಕಾಲದಲ್ಲಿ ಒಳ್ಳೆ ಬೆಲೆ ಇತ್ತು. ಆ ಪೀಳಿಗೆ ಹೋಯಿತು, ಬೆಲೆಯೂ ಹೋಯಿತು. ಪುಸ್ತಕ ಅಪರೂಪವೇ, ಬೇಕು ಅನ್ನುವವರೇ ಇಲ್ಲ.

ಕರಾವಳಿ_ಓದುಗಿ

ಅಮರ ಚಿತ್ರ ಕಥೆಯ ಬೆಲೆ ಹೇಗೆ? ಅದನ್ನು ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದವರು. ಊರಿನಲ್ಲಿ ಎಷ್ಟೋ ಮನೆಗಳಲ್ಲಿ ರಾಶಿ ಇದೆ.

ಹಳೇಪುಸ್ತಕ_ವ್ಯಾಪಾರಿ

ಓದುವುದಕ್ಕೆ ಚಿನ್ನ, ಮಾರುವುದಕ್ಕೆ ಕಷ್ಟ ಅಕ್ಕ. ಮತ್ತೆ ಮತ್ತೆ ಅಚ್ಚಾಗುತ್ತಲೇ ಇದೆ. ಹೊಸದೇ ಅಂಗಡಿಯಲ್ಲಿ ಸಿಗುವಾಗ ಹಳೆಯದಕ್ಕೆ ಯಾರು ಜಾಸ್ತಿ ಕೊಡುತ್ತಾರೆ? ಮೊದಲ ಮುದ್ರಣ ಅಂತ ಗುರುತಿಸೋಕೆ ಬೆಲೆ, ಹಿಂಬದಿಯ ಜಾಹೀರಾತು, ವಿಳಾಸ ಎಲ್ಲಾ ನೋಡಿ ಅಂದಾಜು ಮಾಡಬೇಕು. ಸಂಗ್ರಹಕಾರರು ಹುಡುಕುವುದು ಶುರುವಿನ ಸಂಚಿಕೆಗಳನ್ನ. ‘ಕೃಷ್ಣ’ ಸಂಚಿಕೆಯ ಸಂಖ್ಯೆ 11. ಅದಕ್ಕಿಂತ ಹಿಂದಿನ ಹತ್ತು ವಿದೇಶದ ಮಕ್ಕಳ ಕಥೆಗಳು. ಅವು ಕನ್ನಡದಲ್ಲಿ, ಕವರ್ ಸಮೇತ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ದುಡ್ಡಿನ ಮಾತು ಆಮೇಲೆ. ಮೊದಲು ಅವು ಉಳಿಯಬೇಕು.

ಕುಕ್ಕರಹಳ್ಳಿ_ವಾಕರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾವನ ಜೊತೆ ರಾತ್ರಿ ಮಾತಾಡಿದೆ. ಮಗಳ ದುಡ್ಡು ಮುಟ್ಟುವುದಿಲ್ಲ. ಅರ್ಧ ಎಫ್‌ಡಿ, ಅರ್ಧ ಮ್ಯೂಚುವಲ್ ಫಂಡ್. ಹಲ್ಕ್ ಭಾವ ತಮ್ಮ ದುಡ್ಡಿನಲ್ಲೇ ಕೊಳ್ಳುತ್ತಾರೆ. ಅವರಿಗೆ ಚಿಕ್ಕಂದಿನಿಂದ ಆ ಪಾತ್ರದ ಮೇಲೆ ಪ್ರೀತಿ. ನಷ್ಟ ಆದರೂ ನನಗೆ ಬೇಜಾರಿಲ್ಲ ಅಂದರು. ಸ್ಟಾಂಪ್ ಇದೆಯಾ ನೋಡಿ, ನಂಬರ್ ಹಾಕಿ ಫೋಟೋ ಹೋಲಿಸಿ ಅಂತ ಹೇಳಿದ್ದೇನೆ.

ಇನ್ನೊಂದು ವಿಷಯ. ವ್ಯಾಪಾರಿ ಸರ್ ಬರೆದದ್ದು ಓದಿ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ತಂದೆಯವರ ಕನ್ನಡ ಇಂದ್ರಜಾಲ ಮೂವತ್ತಕ್ಕೂ ಮೇಲೆ ಇವೆ. ಬೈಂಡ್ ಆಗಿಲ್ಲ. ಕೆಲವದರ ಪಿನ್ನು ತುಕ್ಕು ಹಿಡಿದಿದೆ. ನುಸಿಗುಳಿಗೆ ವಾಸನೆ ಜೋರಾಗಿದೆ. ಏನು ಮಾಡಲಿ? ಮಾರುವ ಯೋಚನೆ ಇಲ್ಲ.

ಕರಾವಳಿ_ಓದುಗಿ

ಬಹಳ ಸಂತೋಷ ಸರ್! ಮೊದಲು ನುಸಿಗುಳಿಗೆ ತೆಗೆಯಿರಿ. ಅದರ ಹೊಗೆ ಕಾಗದಕ್ಕೂ ನಿಮಗೂ ಒಳ್ಳೆಯದಲ್ಲ. ಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತೆ. ನೆರಳಲ್ಲಿ, ಫ್ಯಾನಿನ ನೇರ ಗಾಳಿ ಇಲ್ಲದ ಕಡೆ ಎರಡು ದಿನ ಹರಡಿ. ಸೆಲ್ಲೋಟೇಪ್ ಮಾತ್ರ ಹಚ್ಚಲೇಬೇಡಿ, ಅದರ ಅಂಟು ಕಾಗದದೊಳಗೆ ಇಳಿದು ಕಂದಾಗುತ್ತೆ. ತುಕ್ಕು ಹಿಡಿದ ಪಿನ್ನನ್ನು ನೀವೇ ಕೀಳಬೇಡಿ, ಕಾಗದವೂ ಜೊತೆಗೆ ಬರುತ್ತೆ. ಒಂದೊಂದಕ್ಕೂ ಆಮ್ಲ ಇಲ್ಲದ ರಟ್ಟು ಕೊಟ್ಟು, ಪಾಲಿಯೆಸ್ಟರ್ ಕವರಿನಲ್ಲಿ ಇಡಿ. ಸಾಮಾನ್ಯ ಪ್ಲಾಸ್ಟಿಕ್ ಕವರು ಬೇಡ. ಟ್ರಂಕು ಅಟ್ಟಕ್ಕೆ ವಾಪಸ್ ಹೋಗಬಾರದು, ಅಲ್ಲಿ ಸೆಕೆ ಜಾಸ್ತಿ. ಮನೆಯೊಳಗೆ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಡಿ.

ಹಳೇಪುಸ್ತಕ_ವ್ಯಾಪಾರಿ

ಸಂಚಿಕೆ ಸಂಖ್ಯೆ, ಕವರ್, ಹಿಂಬದಿ, ಮೂರನ್ನೂ ಫೋಟೋ ತೆಗೆದು ಇಲ್ಲೇ ಹಾಕಿ ಸರ್. ನನ್ನ ಹತ್ತಿರ ಬಂದ ಕನ್ನಡ ಸಂಚಿಕೆಗಳ ಪಟ್ಟಿ ಇದೆ, ತುಂಬಾ ಕಡೆ ಖಾಲಿ. ನಿಮ್ಮ ಮೂವತ್ತರಲ್ಲಿ ನಾಲ್ಕೈದು ಆದರೂ ಆ ಖಾಲಿ ಜಾಗಕ್ಕೆ ಬರುತ್ತವೆ ಅಂತ ನಂಬಿದ್ದೇನೆ. ವಿಮೆಗಾಗಿ ಬೆಲೆ ಬೇಕಿದ್ದರೆ ಅದನ್ನೂ ಅಂದಾಜು ಮಾಡಿ ಕೊಡುತ್ತೇನೆ.